ಹಿತ್ತಿಲಿಗೆ ಹಾಲುಬಣ್ಣದ ಶೀಟು

ಪಕ್ಕದ ಮನೆಗೆ ಮೂರನೆಯ ಮಹಡಿ ಏರುತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿಂದ ಸಿಮೆಂಟಿನ ನೀರು ತೊಟ್ಟಿಕ್ಕಿ, ಹಿತ್ತಿಲಿನಲ್ಲಿ ಅತ್ತೆ ಕುಚ್ಚು ಕಟ್ಟುತ್ತಿದ್ದ ರೇಷ್ಮೆ ಸೀರೆಯ ಪಕ್ಕದಲ್ಲೇ ಬಿತ್ತು. ಸೀರೆ ಉಳಿಯಿತು. ಅತ್ತೆ ಚಾಪೆಯನ್ನು ಗೋಡೆಯ ಬುಡಕ್ಕೆ ಎಳೆದುಕೊಂಡರು. ಅಲ್ಲಿ ಬೆಳಕಿರಲಿಲ್ಲ. ಮತ್ತೆ ಹಿತ್ತಿಲಿನ ನಡುವಿಗೇ ಬಂದು ಕೂತರು, ಎರಡು ಗಂಟು ಹಾಕಿ ಒಮ್ಮೆ ತಲೆಯೆತ್ತಿ ಮೇಲೆ ನೋಡುತ್ತ.

ನಮ್ಮದು ಶಂಕರಪುರಂನ ಹಳೆಯ ಮನೆ. ಮಾವ ಮುನಿರಾಮಪ್ಪನವರು ಸರ್ಕಾರಿ ಕೆಲಸದಲ್ಲಿದ್ದಾಗ ಕೊಂಡದ್ದು. ಅವರನ್ನು ನಾನು ಫೋಟೊದಲ್ಲಿ ಮಾತ್ರ ನೋಡಿದ್ದೇನೆ. ಈಗ ಮನೆಯಲ್ಲಿ ಅತ್ತೆ ಅಂಜಮ್ಮ ಮತ್ತು ನಾನು. ನನ್ನ ಗಂಡ ಅಮರ್ ಹೋಗಿ ಒಂದೂವರೆ ವರ್ಷವಾಗಿತ್ತು. ಆಫೀಸಿನಿಂದ ಬಂದು, ಎದೆ ಉರಿ ಎಂದು ಮಲಗಿದವನು ಏಳಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟಕ್ಕೆ ಏಳುತ್ತಿದ್ದರು, ಮತ್ತೆ ಗೋಡೆ. ನಾನು ಕಾಲೇಜಿಗೆ ಹೋಗಿ ರಸಾಯನಶಾಸ್ತ್ರದ ಪಾಠ ಹೇಳಿ ಬರುತ್ತಿದ್ದೆ. ಏನು ಹೇಳಿದೆ ಎಂಬುದು ಬಸ್ಸು ಹತ್ತುವಷ್ಟರಲ್ಲಿ ಮರೆತಿರುತ್ತಿತ್ತು. ಅತ್ತೆಯನ್ನು ಎಬ್ಬಿಸಿದ್ದು ನಾನಲ್ಲ. ಗಾಂಧಿಬಜಾರಿನ ಹತ್ತಿರ ಬ್ಲೌಸ್ ಅಂಗಡಿ ಇಟ್ಟಿರುವ ಜ್ಯೋತಿಲಕ್ಷ್ಮಿ. ಆಕೆ ಒಂದು ದಿನ ನೇರ ಒಳಗೆ ಬಂದು, "ಅಂಜಮ್ಮೋರೆ, ಮದುವೆ ಸೀಸನ್ನು. ನಿಮ್ಮ ಕೈ ಕುಚ್ಚೇ ಬೇಕಂತೆ, ನಾನೇನ್ ಮಾಡ್ಲಿ?" ಎಂದು ಸೀರೆಗಳನ್ನು ಹಾಸಿಗೆಯ ಮೇಲೆಯೇ ಇಟ್ಟು ಹೋದರು. ಮಾರನೆಯ ದಿನ ಅತ್ತೆ ಹಿತ್ತಿಲಿನಲ್ಲಿ ಕೂತು ದಾರದ ಲಡಿಗಳನ್ನು ಬಿಡಿಸುತ್ತಿದ್ದರು.

ಆ ಕೆಲಸ ನಿಂತರೆ ಅವರು ಮತ್ತೆ ಗೋಡೆಯ ಕಡೆ ತಿರುಗುತ್ತಾರೆ. ನನಗಿದ್ದ ಭಯ ಅದೊಂದೇ. ಉಳಿದದ್ದಕ್ಕೆ ಹೆದರುವಷ್ಟು ಶಕ್ತಿ ನನ್ನಲ್ಲಿ ಇರಲಿಲ್ಲ.

"ಹಿತ್ತಿಲಿಗೆ ಶೀಟ್ ಹಾಕಿಸೋಣ ಅತ್ತೆ" ಎಂದೆ.

"ತಗಡಾ? ಕತ್ಲೆ ಆಗುತ್ತೆ. ಬಣ್ಣ ಹೆಂಗ್ ನೋಡ್ಲಿ?"

"ಬೆಳಕು ಬಿಡೋ ಶೀಟ್ ಬರುತ್ತೆ. ಮಳೆ ಬೀಳಲ್ಲ, ಗಾರೆ ಬೀಳಲ್ಲ."

"ಬೆಳಕು ಬಿಡ್ತದೆ ಅಂತ ಯಾರ್ ಹೇಳಿದ್ದು? ನಾನೇ ನೋಡ್ತೀನಿ ನಡಿ."

ಭಾನುವಾರ ಬಿಟ್ಟು ಸೋಮವಾರ ಆಟೊ ಹಿಡಿದು ನಗರ್ತಪೇಟೆಯ ಕಡೆ ಹೋದೆವು. ಅತ್ತೆಯ ಚೀಲದಲ್ಲಿ ಏನೋ ಉಬ್ಬಿಕೊಂಡಿತ್ತು. ನೀರಿನ ಬಾಟಲಿ ಇರಬೇಕು ಎಂದುಕೊಂಡೆ. ಅಂಗಡಿಯ ನಾಗಭೂಷಣ್ ಅಂಗೈಯಗಲದ ಮಾದರಿ ತುಂಡುಗಳನ್ನು ಮೇಜಿನ ಮೇಲೆ ಇಸ್ಪೀಟಿನ ಎಲೆಗಳಂತೆ ಹರಡಿದರು. ನೀಲಿ, ಹಸಿರು, ಕಾಫಿ ಬಣ್ಣ, ಗಾಜಿನಂತೆ ತಿಳಿಯಾದದ್ದು, ಹಾಲಿನಂತೆ ಬಿಳಿಯದು.

"ನೀಲಿ ತಗೊಳಿ. ಎಲ್ರೂ ಅದೇ ತಗೊಳೋದು. ಕೆಳಗೆ ಕೂತ್ರೆ ತಂಪು ಅನ್ಸುತ್ತೆ."

ಅತ್ತೆ ತುಂಡುಗಳನ್ನೆಲ್ಲ ಬಾಚಿಕೊಂಡು ರಸ್ತೆಗೆ ಇಳಿದರು. ಚೀಲದಿಂದ ಹೊರಬಂದದ್ದು ದಾರದ ಲಡಿಗಳು. ಅವನ್ನು ಎಡ ಅಂಗೈಯ ಮೇಲೆ ಹರಡಿ, ಬಲಗೈಯಲ್ಲಿ ಒಂದೊಂದೇ ತುಂಡನ್ನು ಅದರ ಮೇಲೆ ಚಪ್ಪರದ ಹಾಗೆ ಹಿಡಿದು ನೋಡತೊಡಗಿದರು. ಬಟ್ಟೆಯ ಮೂಟೆ ಹೊತ್ತ ಕೈಗಾಡಿಯೊಂದು ಹಿಂದೆ ಬಂದು ನಿಂತಿತು.

"ಅಜ್ಜಿ, ಸೈಡ್ ಬಿಡಿ."

"ತಡಿಯಪ್ಪ, ಹಸಿರು ನೋಡ್ತಿದೀನಿ."

ನಾಗಭೂಷಣ್ ಬಾಗಿಲಿಗೆ ಬಂದು ನಕ್ಕರು. "ಅಮ್ಮ, ನೀವು ಶೀಟ್ ತಗೊಳಕ್ ಬಂದ್ರೋ, ಸೀರೆ ತಗೊಳಕ್ಕೋ?"

"ನೀನ್ ಮಾರೋದು ಬೆಳಕಪ್ಪ. ನೋಡ್ದೆ ತಗೊಳಕ್ಕಾಗ್ತದಾ?"

ನೀಲಿಯ ಕೆಳಗೆ ಅರಿಶಿನ ಹಸಿರಾಯಿತು. ಕಾಫಿ ಬಣ್ಣದ ಕೆಳಗೆ ಎಲ್ಲವೂ ಹಳೆಯ ಫೋಟೊದಂತೆ ಕಂಡವು. ತಿಳಿಯಾದದ್ದು ಬಿಸಿಲನ್ನು ಇದ್ದ ಹಾಗೇ ಬಿಟ್ಟಿತು. "ಇದ್ರಲ್ಲಿ ರೇಷ್ಮೆ ಬಣ್ಣ ಹೋಗ್ತದೆ, ನನ್ ತಲೇನೂ ಕಾಯ್ತದೆ" ಎಂದರು ಅತ್ತೆ. ಹಾಲುಬಿಳಿಯ ಕೆಳಗೆ ಬಹಳ ಹೊತ್ತು ಹಿಡಿದು ನೋಡಿದರು. "ಇದ್ರಲ್ಲಿ ಅರಿಶಿನ ಅರಿಶಿನಾನೇ ಆಗೈತೆ. ಇದೇ ಕೊಡು."

ನಾನು ಕೇಳಿದ್ದು ಎರಡೇ ಮಾತು. ಒಳಗೆ ಕೊಳವೆ ಕೊಳವೆಯಾಗಿರುವ ದಪ್ಪ ಶೀಟು ಕೊಡಿ, ಶಾಖ ಕಡಿಮೆ ಇಳಿಯುತ್ತದೆ ಎಂದೆ. ಬಿಸಿಲು ತಡೆಯುವ ಲೇಪ ಯಾವ ಕಡೆ ಇದೆ ಎಂದು ಕೇಳಿದೆ.

"ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿರುತ್ತೆ, ಅಕ್ಷರ ಇರುತ್ತೆ. ಆ ಮುಖ ಆಕಾಶಕ್ಕೆ ಬರ್ಬೇಕು" ಎಂದರು ನಾಗಭೂಷಣ್.

ಶೀಟು ಕೂರಿಸಲು ಬಂದವರು ಚಾಮರಾಜಪೇಟೆಯ ಮುತ್ತುರಾಜ್. ಬಾಯಿ ನಿಲ್ಲದ ಮನುಷ್ಯ. ಚೌಕ ಪೈಪುಗಳನ್ನು ಬೆಸೆದು ಚೌಕಟ್ಟು ನಿಲ್ಲಿಸಿದರು. ನೀರು ಹರಿದುಹೋಗಲು ಚೌಕಟ್ಟಿಗೆ ಇಳಿಜಾರು ಬೇಕು, ಅದಕ್ಕೆ ಅವರು ವಾಟ ಎನ್ನುತ್ತಿದ್ದರು. "ವಾಟ ಪಕ್ಕದ್ಮನೆ ಕಡೆ ಕೊಡ್ಲಾ ಅಮ್ಮ? ಅವ್ರ ಗಾರೆ ಅವ್ರಿಗೇ ವಾಪಸ್" ಎಂದು ಅತ್ತೆಯನ್ನು ನಗಿಸಲು ನೋಡಿದರು. ಅತ್ತೆ ನಗಲಿಲ್ಲ. ಆದರೆ ಅವರಿಗೆ ಎರಡನೆಯ ಲೋಟ ಕಾಫಿ ಬಂತು. ಅಡುಗೆಮನೆಯ ಹೊಗೆ ಹೋಗಲು ಗೋಡೆಗೂ ಶೀಟಿಗೂ ನಡುವೆ ಸಂದು ಬಿಟ್ಟರು. ಸ್ಕ್ರೂಗಿಂತ ತೂತು ದೊಡ್ಡದು ಕೊರೆದರು, ಬಿಸಿಲಿಗೆ ಶೀಟು ಹಿಗ್ಗುತ್ತದೆಂದು.

ಎಲ್ಲ ಮುಗಿದ ಮೇಲೆ ಏಣಿ ಹತ್ತಿ ಮೇಲಿನ ನೀಲಿ ಹಾಳೆಯ ಮೂಲೆಗೆ ಉಗುರು ಹಾಕಿದರು. ಕೆಳಗಿನಿಂದ ಅತ್ತೆ ಕೂಗಿದರು.

"ಏ ಮುತ್ತುರಾಜ, ಅದ್ಯಾಕ್ ಕೀಳ್ತೀಯ?"

"ಕೀಳ್ಬೇಕಮ್ಮ ಇದನ್ನ."

"ಹೊಸಾದು. ಪಕ್ಕದ್ಮನೆ ಗಾರೆ ಬಿದ್ದು ಗೀರಾದ್ರೆ? ಅವ್ರ ಕೆಲ್ಸ ಮುಗೀಲಿ, ಆಮೇಲೆ ಕೀಳಣ."

ಮುತ್ತುರಾಜ್ ನನ್ನನ್ನು ನೋಡಿದರು. "ಇರ್ಲಿ ಬಿಡಿ" ಎಂದೆ.

ನಮ್ಮ ಮನೆ ಹಾಗೆಯೇ. ಫ್ರಿಜ್ಜಿನ ಬಾಗಿಲ ಮೇಲೆ ಕಂಪನಿಯ ಪ್ಲಾಸ್ಟಿಕ್ ಇನ್ನೂ ಇದೆ. ಟಿವಿ ರಿಮೋಟು ತನ್ನ ಚೀಲದೊಳಗೇ ಇದೆ. ಮದುವೆಯಲ್ಲಿ ಬಂದ ಬೀರುವಿನ ಹಿಡಿಗೆ ಸುತ್ತಿದ ಹಾಳೆಯನ್ನು ಯಾರೂ ಬಿಚ್ಚಿಲ್ಲ. ಈ ವಿಷಯದಲ್ಲಿ ಅಮರ್ ಕೂಡ ಅತ್ತೆಯ ಮಗನೇ. ಹೋಗುವ ಹಿಂದಿನ ತಿಂಗಳು ನನಗೆ ಓದಲೆಂದು ಒಂದು ಕುರ್ಚಿ ತಂದಿದ್ದ. ಮೆತ್ತೆಯ ಮೇಲಿನ ಪ್ಲಾಸ್ಟಿಕ್ ತೆಗೆಯಲು ಹೋದರೆ, "ಇರ್ಲಿ ಕಣೆ, ಆಮೇಲೆ ತೆಗೆದ್ರಾಯ್ತು" ಎಂದಿದ್ದ. ಈಗಲೂ ಅದರ ಮೇಲೆ ಕೂತರೆ ಚರಚರ ಎನ್ನುತ್ತದೆ. ನಾನು ಅದರ ಮೇಲೆ ಅಲುಗಾಡದೆ ಕೂರುವುದನ್ನು ಕಲಿತಿದ್ದೆ.

"ಸರಿ, ಜಾಸ್ತಿ ದಿನ ಬಿಡ್ಬೇಡಿ. ಬಿಸಿಲಿಗೆ ಅಂಟ್ಕೊಂಡ್ಬಿಡುತ್ತೆ" ಎಂದು ಹೇಳಿ ಮುತ್ತುರಾಜ್ ಹೊರಟುಹೋದರು.

ಹಿತ್ತಿಲು ಒಂದು ಕೋಣೆಯಾಯಿತು. ಮಳೆ ಬಂದರೆ ಅತ್ತೆ ಏಳುತ್ತಿರಲಿಲ್ಲ. ಶೀಟಿನ ಮೇಲೆ ಹುರಿಗಡಲೆ ಸುರಿದಂತೆ ಸದ್ದು. ಬೆಳಕು ತುಸು ನೀಲಿಯಾಗಿತ್ತು, ಅದಕ್ಕೆ ಕಣ್ಣು ಹೊಂದಿಕೊಂಡಿತು. ಸಂಜೆ ಕಾಫಿ ಅಲ್ಲೇ ಕುಡಿಯತೊಡಗಿದೆವು. ಹೆಚ್ಚು ಮಾತಿರಲಿಲ್ಲ. ಪಕ್ಕದ ಮನೆಯ ಕೆಲಸ ಮುಗಿಯಿತು, ಅವರು ಬಣ್ಣವನ್ನೂ ಬಳಿದರು. ನೀಲಿ ಹಾಳೆ ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ಒಂದು ಮಧ್ಯಾಹ್ನ ಜ್ಯೋತಿಲಕ್ಷ್ಮಿ ಮುಂಬಾಗಿಲಲ್ಲಿ ನಿಂತು ಸೀರೆ ಬಿಡಿಸಿದರು. ಪೂಜಿತಾ ಎಂಬ ಹುಡುಗಿಯ ಧಾರೆ ಸೀರೆ. ಸೆರಗು ಬದನೆಕಾಯಿ ಬಣ್ಣ. ಅತ್ತೆ ಕಟ್ಟಿದ್ದ ಕುಚ್ಚು ಮಾಗಿದ ನೇರಳೆ ಹಣ್ಣಿನ ಬಣ್ಣ. ಬೀದಿಯ ಬಿಸಿಲಿನಲ್ಲಿ ಅದು ಬೇರೆಯವರ ಸೀರೆಯಿಂದ ಕಿತ್ತು ತಂದು ಕಟ್ಟಿದಂತೆ ಕಾಣುತ್ತಿತ್ತು.

"ಹುಡುಗಿ ತಾಯಿ ಅಂಗಡೀಲಿ ಎಲ್ರ ಮುಂದೆ ಕೇಳ್ಬಿಟ್ರು, ಇದೇನ್ರೀ ನಿಮ್ ಅಂಜಮ್ಮೋರ ಕೈಕೆಲ್ಸ ಅಂತ. ನಾನೇನ್ ಹೇಳ್ಲಿ?" ಜ್ಯೋತಿಲಕ್ಷ್ಮಿ ದನಿ ತಗ್ಗಿಸಿದರು. "ಅಂಜಮ್ಮೋರೆ, ಬೇಜಾರ್ ಮಾಡ್ಕೋಬೇಡಿ. ಕಣ್ಣು ಒಂದ್ಸಲ ತೋರಿಸ್ಕೊಳಿ. ವಯಸ್ಸಾದ್ಮೇಲೆ ಎಲ್ರಿಗೂ ಆಗೋದೇ. ಶುಕ್ರವಾರದೊಳಗೆ ಸರಿ ಮಾಡಕ್ಕಾಗ್ದಿದ್ರೆ ಹೇಳಿ, ಬೇರೆಯವ್ರಿಗೆ ಕೊಡ್ತೀನಿ."

ಅತ್ತೆ ಕುಚ್ಚನ್ನು ಬೆರಳಲ್ಲಿ ಉಜ್ಜಿ ನೋಡಿದರು. ಜ್ಯೋತಿಲಕ್ಷ್ಮಿ ಹೋದ ಮೇಲೆ ದಾರದ ಬುಟ್ಟಿಯನ್ನು ತಂದು ನನ್ನ ಕೈಗಿಟ್ಟರು.

"ಅಟ್ಟಕ್ಕೆ ಹಾಕ್ಬಿಡು. ಸೀರೆ ಅವ್ಳಿಗೆ ಕೊಟ್ಬಿಡು. ಸಾಕಾಯ್ತು."

ಒಳಗೆ ಹೋಗಿ ಮಲಗಿದರು. ಗೋಡೆಯ ಕಡೆಗೆ.

ನಾನು ಬುಟ್ಟಿ ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದೆ. ಅಟ್ಟ ಹತ್ತಲಿಲ್ಲ. ಸೀರೆ ಮಡಚೋಣವೆಂದು ಹಿತ್ತಿಲಿಗೆ ಹೋದೆ, ಉದ್ದ ಬಟ್ಟೆ ಮಡಚಲು ಜಾಗವಿರುವುದು ಅಲ್ಲೇ. ಸೆರಗಿನ ತುದಿ ಮೇಲೆತ್ತಿದೆ. ಕುಚ್ಚು ಸೆರಗಿಗೆ ಸರಿಯಾಗಿ ಹೊಂದಿತ್ತು.

ಮುಂಬಾಗಿಲಿಗೆ ಹೋದೆ. ಹೊಂದಲಿಲ್ಲ. ಹಿತ್ತಿಲಿಗೆ ಬಂದೆ. ಹೊಂದಿತು. ನನ್ನ ಕೈ ನೋಡಿಕೊಂಡೆ. ಉಗುರುಗಳು ಚಳಿಯಲ್ಲಿ ನೆಂದವರ ಉಗುರಿನಂತೆ ನೀಲಿಯಾಗಿದ್ದವು. ನೆಲದ ಮೇಲೆ, ಕಂಡೂ ಕಾಣದಂತೆ, ಸಾಲು ಸಾಲಾಗಿ ಅಕ್ಷರಗಳ ನೆರಳು. ತಿಂಗಳುಗಳಿಂದ ಅವುಗಳ ಮೇಲೆಯೇ ಕೂತು ಕಾಫಿ ಕುಡಿದಿದ್ದೆವು.

"ಅತ್ತೆ, ಎದ್ದೇಳಿ."

ಅವರು ಅಲುಗಲಿಲ್ಲ.

"ಒಂದೇ ಒಂದು ನೋಡಿ ಮಲಕ್ಕೊಳಿ. ಆಮೇಲೆ ನಾನ್ ಕರೆಯಲ್ಲ."

ಎದ್ದದ್ದು ನನ್ನ ಮಾತಿಗಲ್ಲ, ನನ್ನ ದನಿ ಜೋರಾಗಿದ್ದುದಕ್ಕೆ ಇರಬೇಕು. ಆ ಮನೆಯಲ್ಲಿ ನಾನು ಜೋರಾಗಿ ಮಾತಾಡಿ ಬಹಳ ಕಾಲವಾಗಿತ್ತು. ಮುಂಬಾಗಿಲಿನಲ್ಲಿ ಎರಡು ಲಡಿ ಹಿಡಿದು ತೋರಿಸಿದೆ.

"ಬದನೆಕಾಯಿ ಯಾವ್ದು?"

"ಇದು" ಎಂದರು, ಬೇಸರದಿಂದ, ಆದರೆ ತಕ್ಷಣ. ಅದೇ ಸರಿಯಾದದ್ದು.

ಹಿತ್ತಿಲಿಗೆ ಕರೆದುಕೊಂಡು ಹೋಗಿ ಅವೇ ಲಡಿಗಳನ್ನು ಹಿಡಿದೆ. ಅತ್ತೆ ಇದನ್ನು ನೋಡಿದರು, ಅದನ್ನು ನೋಡಿದರು. "ಎರಡೂ ಒಂದೇ ಕಾಣ್ತವಲ್ಲೇ." ಆಮೇಲೆ ನಿಧಾನವಾಗಿ ತಲೆಯೆತ್ತಿ ಮೇಲೆ ನೋಡಿದರು.

"ನಿಮ್ಮ ಕಣ್ಣಲ್ಲ ಅತ್ತೆ. ಆ ಪ್ಲಾಸ್ಟಿಕ್ಕು."

"ಕೀಳ್ಬೇಡ ಅಂದಿದ್ದು ನಾನೇ."

"ಇರ್ಲಿ ಬಿಡಿ ಅಂದಿದ್ದು ನಾನು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮುತ್ತುರಾಜಂಗೆ ಫೋನ್ ಮಾಡು."

ಮಾರನೆಯ ದಿನ ಮುತ್ತುರಾಜ್ ಒಂದು ಬಾಟಲಿ ಹಿಡಿದುಕೊಂಡೇ ಬಂದರು. ಹಾಳೆಯನ್ನು ಉಗುರಿನಿಂದ ಕೆರೆದರೆ ಚೂರು ಚೂರಾಗಿ ಹರಿಯುತ್ತಿತ್ತು. "ನಾನ್ ಅವತ್ತೇ ಹೇಳ್ದೆ. ಪರ್ವಾಗಿಲ್ಲ, ಥಿನ್ನರ್ ಹಾಕಿದ್ರೆ ಬೆಣ್ಣೆ ಹಂಗೆ ಬರುತ್ತೆ."

"ಥಿನ್ನರ್ ಬೇಡ. ಶೀಟು ಮಂಜಾಗಿ ಬಿರುಕು ಬಿಡುತ್ತೆ."

"ಎಲ್ಲಾ ಕಡೆ ಹಾಕ್ತೀನಿ ಮೇಡಂ."

"ಇಲ್ಲಿ ಹಾಕ್ಬೇಡಿ. ಬಿಸಿನೀರು, ಸೋಪು. ಮೆತ್ತಗಾದ ಮೇಲೆ ಎಳೀಬೇಕು."

ಅದು ನನ್ನ ತರಗತಿಯ ದನಿ. ಮುತ್ತುರಾಜ್ ಬಾಟಲಿಯನ್ನು ಚೀಲಕ್ಕೆ ಹಾಕಿದರು. "ಸರಿ ಟೀಚರ್" ಎಂದರು.

ಅವರು ಚೌಕಟ್ಟಿನ ಮೇಲೆ ಹಲಗೆ ಹಾಕಿಕೊಂಡು, ಕೆಳಗೆ ಸಿಕ್ಕಿದ ಹಾಳೆ ಬಿಡಲೆಂದು ಸ್ಕ್ರೂಗಳನ್ನು ಸಡಿಲ ಮಾಡುತ್ತ ಹೋದರು. ನಾನು ತಾರಸಿಯ ಅಂಚಿನಿಂದ ಬಗ್ಗಿ ಉಗುರುಬೆಚ್ಚಗಿನ ನೀರು ಹೊಯ್ದೆ. ನೀರು ಕಾಯಿಸಿ ಕೊಡುತ್ತಿದ್ದವರು ಅತ್ತೆ. ಒಂದು ಪಟ್ಟಿ ಉದ್ದಕ್ಕೆ ಬಂದರೆ ಇನ್ನೊಂದು ಅರ್ಧಕ್ಕೇ ಹರಿಯುತ್ತಿತ್ತು. "ಅಳೋ ಮಗೂಗೆ ಕ್ಷೌರ ಮಾಡ್ದಂಗಾಯ್ತು" ಎಂದು ಮುತ್ತುರಾಜ್ ಗೊಣಗಿದರು. ಕೆಳಗಿನಿಂದ ಅತ್ತೆಯ ದನಿ ಬರುತ್ತಲೇ ಇತ್ತು.

"ಎಡಗಡೆ ಇನ್ನೂ ಐತೆ. ಅಲ್ಲಲ್ಲ, ನಿನ್ ಎಡಗಡೆ ಅಲ್ಲ, ನನ್ ಎಡಗಡೆ."

ಕಡೆಯ ಪಟ್ಟಿ ಕಿತ್ತ ಮೇಲೆ ಆ ದನಿ ನಿಂತಿತು. ಬಗ್ಗಿ ಸಂದಿನಲ್ಲಿ ನೋಡಿದೆ. ಅತ್ತೆ ಹಿತ್ತಿಲಿನ ನಡುವೆ ನಿಂತು ತಮ್ಮ ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಳ್ಳುತ್ತಿದ್ದರು, ಮೆಹಂದಿ ಒಣಗಿದೆಯೇ ಎಂದು ನೋಡುವವರಂತೆ. ಹಾಲುಬೆಳಕು. ನೆಲದ ಕೆಂಪು ಕೆಂಪಾಗಿತ್ತು, ತುಳಸಿಯ ಹಸಿರು ಹಸಿರಾಗಿತ್ತು.

ನಾನು ಕೆಳಗಿಳಿಯುವಷ್ಟರಲ್ಲಿ ಬುಟ್ಟಿ ಚಾಪೆಯ ಮೇಲಿತ್ತು. ಅತ್ತೆ ಹಳೆಯ ಕುಚ್ಚಿನ ಗಂಟುಗಳನ್ನು ಸೂಜಿಯಿಂದ ಬಿಡಿಸುತ್ತಿದ್ದರು.

"ದಾರ ನೀನ್ ಆರಿಸ್ಕೊಡು."

"ನಿಮ್ಗೆ ಕಾಣ್ತಿದೆಯಲ್ಲ."

"ಕಾಣ್ತದೆ. ನಿಂಗೆ ಕಾಣ್ತದಾ ನೋಡಣ."

ನೇರಳೆ ಬಣ್ಣದ ಲಡಿಗಳನ್ನೆಲ್ಲ ಸಾಲಾಗಿ ಇಟ್ಟೆ. ಮೊದಲು ಎಲ್ಲ ಒಂದೇ ಎನಿಸಿತು. ಆಮೇಲೆ ಒಂದರಲ್ಲಿ ಕೆಂಪಿತ್ತು, ಒಂದರಲ್ಲಿ ಕಪ್ಪಿತ್ತು, ಒಂದರಲ್ಲಿ ಬೂದಿ. ಕೆಂಪಿದ್ದದ್ದನ್ನು ಕೊಟ್ಟೆ. ಅತ್ತೆ ಸೆರಗಿಗೆ ತಾಗಿಸಿ ನೋಡಿ, ಸೂಜಿಗೆ ಪೋಣಿಸಿದರು.

ಶುಕ್ರವಾರ ಜ್ಯೋತಿಲಕ್ಷ್ಮಿ ಸೀರೆಯನ್ನು ಬೀದಿಗೆ ಒಯ್ದು ನೋಡಿದರು, ಹಿತ್ತಿಲಿಗೆ ತಂದು ನೋಡಿದರು. "ಕಣ್ಣಾಸ್ಪತ್ರೆಗೆ ಹೋಗಿದ್ರಾ?"

"ಹ್ಞೂಂ. ನಮ್ ಸೊಸೆ ಆಪರೇಷನ್ ಮಾಡಿದ್ಲು. ಸೋಪು ನೀರಲ್ಲಿ."

ಜ್ಯೋತಿಲಕ್ಷ್ಮಿಗೆ ಅರ್ಥವಾಗಲಿಲ್ಲ. ಆದರೆ ಚೀಲದಿಂದ ಇನ್ನೂ ಮೂರು ಸೀರೆ ತೆಗೆದು ಚಾಪೆಯ ಮೇಲಿಟ್ಟರು.

ಅವರು ಹೋದ ಮೇಲೆ ನಾನು ಕೋಣೆಯಿಂದ ಅಮರ್ ಕೊಡಿಸಿದ್ದ ಕುರ್ಚಿ ತಂದು ಹಿತ್ತಿಲಿನಲ್ಲಿ ಇಟ್ಟೆ. ಅತ್ತೆಯ ಕತ್ತರಿ ತೆಗೆದುಕೊಂಡು ಮೆತ್ತೆಯ ಪ್ಲಾಸ್ಟಿಕ್ಕಿನ ಅಂಚಿಗೆ ಇಟ್ಟೆ.

"ಕೊಳೆ ಆಗ್ತದೆ ಕಣೆ" ಎಂದರು ಅತ್ತೆ.

"ಆಗ್ಲಿ ಅತ್ತೆ."

ಅವರು ಸೂಜಿಯನ್ನು ಸೆರಗಿಗೆ ಚುಚ್ಚಿ, ಎದ್ದು ಬಂದು ಇನ್ನೊಂದು ತುದಿ ಹಿಡಿದು ಎಳೆದರು. ಪ್ಲಾಸ್ಟಿಕ್ಕಿನ ಕೆಳಗಿನ ಬಟ್ಟೆಯನ್ನು ನಾನು ಬೂದು ಬಣ್ಣ ಎಂದುಕೊಂಡಿದ್ದೆ.

"ಮಾವಿನ ಚಿಗುರು" ಎಂದರು ಅತ್ತೆ, ಅಂಗೈಯಿಂದ ಸವರಿ. "ಒಳ್ಳೇ ಬಣ್ಣ ನೋಡಿ ತಂದವ್ನೆ."

ಕೂತೆ. ಕುರ್ಚಿ ಸದ್ದು ಮಾಡಲಿಲ್ಲ. ಅತ್ತೆ ಹರಿದ ಪ್ಲಾಸ್ಟಿಕ್ಕನ್ನು ಮಡಚಿ ಪಕ್ಕಕ್ಕಿಟ್ಟುಕೊಂಡು, ಸೀರೆ ಮುಚ್ಚಲು ಆಗುತ್ತದೆ ಎಂದರು.