ಸರೋವರದ ದಡದಲ್ಲಿ ಮರಿಯ ಕೂಗು

ಬುರುಲಳ ಕಂಠಕ್ಕೆ ಬಾಗಿಲಿರಲಿಲ್ಲ. ಯಾರ ದನಿ ಬೇಕಾದರೂ ನುಗ್ಗಿ ಸಂಸಾರ ಹೂಡುತ್ತಿತ್ತು. ರಾಷ್ಟ್ರೀಯ ಉದ್ಯಾನದ ಗೇಟು ಕಾಯುವವನ ಕೆಮ್ಮು, ಅತ್ತೆಯ ಗೊರಕೆ, ಏರಿನಲ್ಲಿ ಕೆಟ್ಟು ನಿಂತ ಜೀಪು, ಎಲ್ಲವೂ ಅಲ್ಲಿ ಬಿಟ್ಟಿ ಬಿಡಾರ. ಹೀಗೆ ಕಂಡಕಂಡವರ ದನಿ ಅಣಕಿಸುವ ಅವಳನ್ನು ಗಟ್ಟಿ ಕೆಲಸದವಳೆಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ. ಹಿಮನದಿಯ ಬುಡದ ಕೊಕ್‌ಕೊಲ್ ಸರೋವರಕ್ಕೆ ಅತಿಥಿಗಳನ್ನು ಕರೆದೊಯ್ಯುವ ಕೆಲಸ ತನಗೆ ಕೊಡಿ ಎಂದು ಅವಳು ಗೋಗರೆದೂ ಗೋಗರೆದೂ, ಕೊನೆಗೆ ಮಾವ ತುರ್ದುಬೆಕ್ ಒಂದು ಸಲ ನೋಡೋಣ ಎಂದಿದ್ದರು. ಒಂದೇ ಒಂದು ಕುದುರೆ ಕಳೆದರೂ ಆ ದಾರಿ ಮತ್ತೆ ಮೈದುನ ಕುಬಾತನದು.

ಕುಬಾತ್ ಅಂದು ಬೆಳಗ್ಗೆಯೇ ಗಂಡು ಕುದುರೆಗಳನ್ನೆಲ್ಲ ಹುಲ್ಲು ಹೇರಲು ಹೊಡೆದುಕೊಂಡು ಹೋಗಿದ್ದ. ಉಳಿದದ್ದು ಹಾಲು ಕರೆಯುವ ಹೆಣ್ಣು ಕುದುರೆಗಳು. ಅವುಗಳ ಮರಿಗಳು ಬಿಡಾರದ ಮುಂದೆ ಹಗ್ಗಕ್ಕೆ ಕಟ್ಟಿಸಿಕೊಂಡು ನಿಂತಿದ್ದವು. ಬುರುಲ್ ಅವಸರದಲ್ಲಿ ತಾಯಿಗಳಿಗೇ ಜೀನು ಬಿಗಿದಳು. ಕೆಚ್ಚಲಿಗೂ ಒಂದು ಗಡಿಯಾರವಿರುತ್ತದೆ, ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಬಿಗಿಯುತ್ತದೆ ಎಂಬುದು ಗೊತ್ತಿದ್ದೂ ಮರೆತಳು.

ಸರೋವರ ಕಂಡದ್ದೇ ರಾಜಧಾನಿ ಬಿಷ್ಕೆಕ್‌ನಿಂದ ಬಂದ ಅತಿಥಿಗಳಲ್ಲಿ ದಪ್ಪನೆಯ ಮೇಷ್ಟ್ರೊಬ್ಬರು ಅಂಗಿ ಕಳಚಿ ನೀರಿಗೆ ಹಾರಿದರು. ಹಾರಿದ್ದಕ್ಕಿಂತ ಬೇಗ ಹೊರಗೆ ಬಂದರು. ಎಲ್ಲರೂ ನಗುತ್ತಿರುವಾಗಲೇ, ಕೆಚ್ಚಲು ಬಿಗಿದ ಕಂದು ಕುದುರೆ ಕಟ್ಟು ಹರಿದುಕೊಂಡು ಮರಿಯ ಕಡೆಗೆ ಇಳಿಜಾರು ಹಿಡಿಯಿತು. ಉಳಿದವೂ ಜಗ್ಗಿ ಬಿಡಿಸಿಕೊಂಡು ಅದರ ಬೆನ್ನಿಗೆ ಬಿದ್ದವು.

“ಈಗೇನ್ ಗತಿ, ತಂಗಿ? ನಡ್ಕೊಂಡು ಇಳಿದ್ರೆ ನನ್ ಮೊಣಕಾಲು ಇಲ್ಲೇ ಉಳ್ಕೊಳ್ಳತ್ತೆ,” ಎಂದರು ಮೇಷ್ಟ್ರು, ಹಲ್ಲು ಕಟಕಟಿಸುತ್ತ.

ಬುರುಲ್ ಇಳಿಜಾರಿನತ್ತ ನೋಡಿದಳು. ಓಡಿ ಹಿಡಿಯುವ ಮಾತೇ ಇಲ್ಲ. ಆದರೆ ದಿನಾ ಹಾಲು ಕರೆಯುವ ಮೊದಲು ಮರಿಗೆ ಎರಡು ಗುಟುಕು ಕುಡಿಸಿ, ಆಮೇಲೆ ಅದರ ಕತ್ತು ತಬ್ಬಿ ತಾಯಿಯ ಪಕ್ಕ ನಿಲ್ಲಿಸಿಕೊಳ್ಳುತ್ತಿದ್ದವಳು ಅವಳೇ. ಕಂದು ಕುದುರೆಯ ಮರಿಯ ರಂಪ ಅವಳ ಕಿವಿಯಲ್ಲೇ ಬೆಳೆದಿತ್ತು. ಬಂಡೆಯ ಹಿಂದೆ ಕೂತು ಅದೇ ದನಿ ತೆಗೆದಳು: ತೆಳ್ಳಗೆ, ಒಡಕಾಗಿ, ಕೊನೆಯಲ್ಲಿ ಬಿಕ್ಕಿದಂತೆ.

ಆಚೆಯ ಹಿಮಗೋಡೆ ಆ ಕೂಗನ್ನು ಇನ್ನಷ್ಟು ಅಳುದನಿಯಾಗಿಸಿ ಹಿಂದಕ್ಕೆ ಕಳಿಸಿತು. ಕೆಳಗೆ ಕಂದು ಕುದುರೆ ನಿಂತಿತು. ಕಿವಿ ತಿರುಗಿಸಿತು. ಇನ್ನೊಂದು ಕೂಗಿಗೆ ಮೈಯನ್ನೂ ತಿರುಗಿಸಿ, ಕೆನೆಯುತ್ತ ಏರತೊಡಗಿತು. ಹಿಂದೆ ಇಡೀ ಮೆರವಣಿಗೆ. ಅದು ಬಂಡೆಯ ಸಂದಿಯಲ್ಲಿ ಮೂತಿ ತೂರಿಸಿ ಮರಿ ಹುಡುಕುವಷ್ಟರಲ್ಲಿ ಬುರುಲಳ ಕೈಗೆ ಹಗ್ಗ ಸಿಕ್ಕಿತ್ತು.

ಬಿಗಿದ ಕೆಚ್ಚಲನ್ನು ಹಾಗೇ ಬಿಡುವಂತಿರಲಿಲ್ಲ. ಒದ್ದೆ ತಲೆಯ ಮೇಷ್ಟ್ರನ್ನೇ ಮರಿಯ ಜಾಗದಲ್ಲಿ ನಿಲ್ಲಿಸಿ, ಮರಿಯಂತೆ ಮುಲುಗುತ್ತ ಹಾಲು ಕರೆದಳು. ಕುದುರೆ ಮೇಷ್ಟ್ರ ನೆತ್ತಿ ಮೂಸಿ, ತುಸು ಸಂಶಯದಿಂದಲೇ ಹಾಲಿಳಿಸಿತು. ನಡುಗುತ್ತಿದ್ದವರು ಬೆಚ್ಚಗೆ ಒಂದೊಂದು ಬಟ್ಟಲು ಕುಡಿದರು. ಮೇಷ್ಟ್ರು ಎರಡು ಬಟ್ಟಲು ಕೇಳಿದರು, ದುಡಿದಿದ್ದರಲ್ಲ.

ಸಂಜೆ ಬುರುಲ್ ಎಲ್ಲರಿಗಿಂತ ಮುಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಬಿಡಾರಕ್ಕೆ ಇಳಿದಳು. ಕುದುರೆಗಳು ಹೇಗೂ ತಪ್ಪಿಸಿಕೊಂಡಿರುತ್ತವೆ ಎಂದು, ಹಿಡಿದು ತರಲು ಹಗ್ಗ ಸುತ್ತಿಕೊಂಡು ಸಿದ್ಧನಾಗಿದ್ದ ಕುಬಾತ್ ಎಣಿಸಿ ನೋಡಿದ, ಒಂದೂ ಕಡಿಮೆಯಿರಲಿಲ್ಲ. ಮೇಷ್ಟ್ರು ನಡೆದದ್ದನ್ನೆಲ್ಲ ಕೈಕಾಲು ಆಡಿಸಿ ಹೇಳಿದರು. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಇನ್ಮೇಲೆ ಸರೋವರದ ದಾರಿ ಬುರುಲಳ್ದು. ಕುಬಾತ್, ಅತ್ತಿಗೆ ಹೇಳ್ದಂಗೆ ಕೇಳು.”

ಕುಬಾತ್ ಹಗ್ಗ ಬಿಚ್ಚುತ್ತ ರಾಗ ಎಳೆದ. “ಅತ್ತಿಗೆ, ನಾಳೆ ಯಾವ್ ಕುದುರೆಗೆ ಜೀನು ಹಾಕ್ಲಿ?”

“ಕೆಚ್ಚಲಿಲ್ದಿರೋವ್ಕೆ, ಮೈದುನಾ,” ಎಂದಳು ಬುರುಲ್, ಅವನದೇ ದನಿ ತೆಗೆದು, ಅದೇ ರಾಗದಲ್ಲಿ.