ಸಿಹಿನೀರಲ್ಲಿ ತೊಳೆದದ್ದು

ಉಪ್ಪು ತಾಗಿದ ಯಾವುದನ್ನೇ ಆಗಲಿ ಸಿಹಿನೀರಲ್ಲಿ ತೊಳೆಯದೆ ಇಟ್ಟರೆ ಮೂರೇ ದಿನಕ್ಕೆ ಅದರ ಕತೆ ಮುಗಿಯಿತು ಎಂಬುದನ್ನು ಪುಂಡಲೀಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಕೋಲೆಯ ಕೇಣಿ ತೀರದಲ್ಲಿ ದೋಣಿಗೆ ಕಟ್ಟುವ ಇಂಜಿನ್ನುಗಳನ್ನು ಬಿಚ್ಚಿ ಕೂಡಿಸುತ್ತಲೇ ಹತ್ತು ವರ್ಷ ಕಳೆದವನು ಅವನು. ಅಲೆಗೆ ಸಿಕ್ಕಿ ಸಮುದ್ರದಲ್ಲಿ ಮುಳುಗೆದ್ದ ಇಂಜಿನ್ನನ್ನು ಹೊತ್ತು ತಂದರೆ ಮೊದಲು ಬಾವಿಯ ಪಕ್ಕ ಇಡಿಸುತ್ತಿದ್ದ. ಕೊಡಗಟ್ಟಲೆ ನೀರು ಹೊಯ್ಯಿಸಿ, ಒಳಗಿನ ತಾಮ್ರದ ಸುರುಳಿಯನ್ನೂ ಬಿಡದೆ ತೊಳೆದು ಬಿಸಿಲಿಗೆ ಹಾಕುತ್ತಿದ್ದ. ಸಂಜೆಗೆ ಅದು ಗುಡುಗುಟ್ಟಿಕೊಂಡು ಏಳುತ್ತಿತ್ತು. ಅಂಥವನಿಗೆ ಸ್ವಲ್ಪ ಜಂಬ ಇರಬಾರದು ಎಂದರೆ ಹೇಗೆ? ಇತ್ತು. ಸ್ವಲ್ಪ ಅಲ್ಲ, ಚೆನ್ನಾಗಿಯೇ ಇತ್ತು.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಅವನ ಮನೆಗೊಂದು ಲ್ಯಾಪ್‌ಟಾಪ್ ಬಂತು. ಮಗಳು ಪ್ರಗತಿ ಕಾರವಾರದಲ್ಲಿ ಎಂಎಸ್ಸಿಯ ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಪಾಠ ಹೇಳುವ ಭಾರತಿ ಮೇಡಂ ತಮ್ಮ ಹಳೆಯದನ್ನು ವರದಿ ಬರೆಯಲಿಕ್ಕೆಂದು ಕೊಟ್ಟಿದ್ದರು. ನದಿ ಸಮುದ್ರ ಸೇರುವ ಜಾಗದಲ್ಲಿ ಸಿಗುವ ಬೆಳಚು ಎಂಬ ಚಿಪ್ಪುಜೀವಿಯ ಮೇಲೆ ಅರವತ್ತು ಪುಟದ ವರದಿ. ಮಂಡಿಯವರೆಗೆ ಕೆಸರಿನಲ್ಲಿ ನಿಂತು ಹುಡುಗಿ ಒಂದು ವರ್ಷ ಆ ಚಿಪ್ಪುಗಳನ್ನು ಅಳೆದಿದ್ದಳು. ಏಪ್ರಿಲ್ಲಿನ ಹೊತ್ತಿಗೆ ಕೊನೆಯ ದಿನ ಹತ್ತಿರ ಬಂದಿತ್ತು; ನಾಳೆ ಸಂಜೆ ಐದು ಗಂಟೆಯೊಳಗೆ ವರದಿ ಮೇಡಂ ಮೇಜಿನ ಮೇಲಿರಬೇಕು, ತಪ್ಪಿದರೆ ವರ್ಷವೇ ಹೋಯಿತು. ಬರೆದದ್ದಷ್ಟೂ ಆ ಪೆಟ್ಟಿಗೆಯ ಹೊಟ್ಟೆಯಲ್ಲೇ ಇತ್ತು. ಫ್ಲಾಪಿ ಹಾಕುವ ಬಾಯಿ ಬರುವಾಗಲೇ ಕೆಟ್ಟಿದ್ದರಿಂದ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವ ದಾರಿಯೂ ಇರಲಿಲ್ಲ.

ಆ ಬೆಳಿಗ್ಗೆ ಕೀಬೋರ್ಡಿನ ಮೂರು ಕೀಲಿಗಳು ಒತ್ತಿದರೆ ಮೇಲೇಳದೆ ಹಟ ಹಿಡಿದವು. ಪ್ರಗತಿ ಗೊಣಗುತ್ತಲೇ ಕೊನೆಯ ಪುಟ ಮುಗಿಸಿದಳು. ಮುಚ್ಚಳ ಮುಚ್ಚಿ, ಯಾರೂ ಮುಟ್ಟದ ಹಾಗೆ ನೋಡಿಕೋ ಎಂದು ಅಪ್ಪನಿಗೆ ಹೇಳಿ, ಒಳ್ಳೆಯ ಕಾಗದ ತರಲು ಅಂಕೋಲೆ ಪೇಟೆಗೆ ಹೋದಳು.

ಯಾರೂ ಮುಟ್ಟದ ಹಾಗೆ ಎಂದರೆ ತಾನೂ ಮುಟ್ಟಬಾರದು ಎಂಬ ಅರ್ಥ ಪುಂಡಲೀಕನಿಗೆ ಹೊಳೆಯಲೇ ಇಲ್ಲ. ಮುಚ್ಚಳ ತೆಗೆದು ಒಂದು ಕೀಲಿಯ ಸಂದಿಗೆ ಉಗುರು ತೂರಿಸಿ ನಾಲಗೆಗೆ ಹಚ್ಚಿ ನೋಡಿದ. ಉಪ್ಪು. ಮತ್ತೇನಿರುತ್ತದೆ, ಸಮುದ್ರದಿಂದ ಐವತ್ತು ಹೆಜ್ಜೆಯ ಮನೆಯಲ್ಲಿ ಕಿಟಕಿಯ ಕೆಳಗೆ ಎರಡು ತಿಂಗಳು ಕೂತ ಯಂತ್ರ ಅದು. ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂದು ಮಗಳ ಮೇಲೆ ಕನಿಕರವೂ ಬಂತು ಅವನಿಗೆ.

ಅವನೇನೂ ದಡ್ಡನಲ್ಲ. ಕರೆಂಟಿಗೂ ನೀರಿಗೂ ಆಗಿಬರುವುದಿಲ್ಲ ಎಂಬುದು ಗೊತ್ತಿತ್ತು. ಅದಕ್ಕೇ ಮೊದಲು ಗೋಡೆಯ ಪ್ಲಗ್ ಕಿತ್ತ, ಪೆಟ್ಟಿಗೆಯ ಬೆನ್ನಿಗೆ ಸಿಕ್ಕಿಸಿದ್ದ ವಯರನ್ನೂ ತೆಗೆದ. ವಯರೇ ಇಲ್ಲದ ಮೇಲೆ ಅದರಲ್ಲಿ ಜೀವ ಎಲ್ಲಿಂದ ಬರಬೇಕು? ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಚಮಚದಿಂದ ಒಂದೊಂದೇ ಕೀಲಿಯ ಬುಡಕ್ಕೆ ಬಿಟ್ಟು, ಹತ್ತಿಯಿಂದ ಒರೆಸಿದ. ಇಂಜಿನ್ನಿಗೆ ಹೊಯ್ದಂತೆ ಹೊಯ್ಯಲಿಲ್ಲ, ಮಗಳ ವಸ್ತುವೆಂದು ಕೂಸಿಗೆ ಮೀಯಿಸಿದಂತೆ ತೊಳೆದ. ಮೂರೂ ಕೀಲಿಗಳು ಪಟಪಟ ಎದ್ದವು. ಖುಷಿಯಿಂದ ಎತ್ತಿ ಬಿಸಿಲಿಗೆ ಇಡುವಾಗ ಅಂಚಿನಲ್ಲಿ ಒಂದು ಪುಟ್ಟ ಹಸಿರು ದೀಪ ಮಿಣುಕುತ್ತಿರುವುದು ಕಂಡಿತು. ನೋಡುತ್ತಿದ್ದಂತೆ ಅದು ಆರಿತು.

ವಯರಿಲ್ಲದೆ ದೀಪ ಹೇಗೆ ಉರಿಯಿತು? ಅರ್ಧ ತಾಸು ಬಿಸಿಲಿನಲ್ಲಿ ಒಣಗಿಸಿ, ಮೊದಲಿದ್ದ ಹಾಗೇ ವಯರು ಸಿಕ್ಕಿಸಿಟ್ಟ. ಸ್ವಿಚ್ಚು ಹಾಕುವ ಧೈರ್ಯ ಮಾತ್ರ ಆಗಲಿಲ್ಲ.

ಪ್ರಗತಿ ಬಂದು ಗುಂಡಿ ಒತ್ತಿದಳು. ಪೆಟ್ಟಿಗೆ ಕಮಕ್ ಕಿಮಕ್ ಅನ್ನಲಿಲ್ಲ. ಗೋಡೆಯ ಸ್ವಿಚ್ಚು ಹಾಕಿದಳು, ತೆಗೆದಳು. ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಸಿಕ್ಕಿಸಿದರೆ ಫ್ಯಾನು ತಿರುಗಿತು. ಕರೆಂಟು ಬಂದು ಹೋಗಿ ಮಾಡುವಾಗ ಅಡಾಪ್ಟರು ಸುಟ್ಟಿರಬೇಕು ಎಂದು ತಾನೇ ತೀರ್ಮಾನಿಸಿದಳು. ಅದು ತುಸು ಬೆಚ್ಚಗಿದೆಯಾ ಎಂದು ಅಪ್ಪನ ಕೈಗೂ ಕೊಟ್ಟು ಕೇಳಿದಳು. ಪುಂಡಲೀಕ ಮುಟ್ಟಿ ನೋಡಿ, ಹೌದೆಂದೂ ಇಲ್ಲವೆಂದೂ ಅರ್ಥವಾಗದಂತೆ ತಲೆಯಾಡಿಸಿದ. ಮೊದಲು ಅದು ಒಮ್ಮೆ ಶುರುವಾಗಲಿ, ಆಮೇಲೆ ನಗುತ್ತ ಹೇಳಿದರಾಯಿತು ಎಂದುಕೊಂಡ.

ಇಬ್ಬರೂ ಕಾರವಾರದ ಬಸ್ಸು ಹತ್ತಿದರು. ಪೆಟ್ಟಿಗೆ ಪ್ರಗತಿಯ ತೊಡೆಯ ಮೇಲಿತ್ತು. ಹೇಳಬೇಕಾದ ಮಾತನ್ನು ಪುಂಡಲೀಕ ಮನಸ್ಸಿನಲ್ಲೇ ಕೂಡಿಸಿಕೊಂಡ. ಬಿಣಗಾ ಬರುವ ಹೊತ್ತಿಗೆ ಅದು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಮಗಳು ಅವನ ಹೆಗಲಿಗೆ ತಲೆ ಆನಿಸಿ, ನೀನು ಜೊತೆಗೆ ಬಂದದ್ದು ಒಳ್ಳೆಯದಾಯಿತು ಬಾಬಾ ಅಂದಳು. ಮಾತು ಬಂದ ದಾರಿಯಲ್ಲೇ ಒಳಗೆ ಹೋಯಿತು.

ಸಂದೀಪ ಕಾರವಾರದ ಹಬ್ಬುವಾಡದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು, ಕೆಟ್ಟದ್ದನ್ನು ರಿಪೇರಿಯೂ ಮಾಡುತ್ತಿದ್ದ. ಪೆಟ್ಟಿಗೆಯನ್ನು ಬೋರಲು ಹಾಕಿ ಏನೋ ಒತ್ತಿದ, ಹೊಟ್ಟೆಯಿಂದ ಇಟ್ಟಿಗೆಯಂಥ ಬ್ಯಾಟರಿಯೊಂದು ಹೊರಗೆ ಬಂತು. ಪುಂಡಲೀಕ ಅದನ್ನೇ ನೋಡುತ್ತ ನಿಂತ. ಹಾಗಾದರೆ ತಾನು ತೊಳೆದದ್ದು ಜೀವ ಇದ್ದ ಯಂತ್ರವನ್ನು! ಮುಚ್ಚಳ ಮುಚ್ಚಿದರೆ ಅದು ಆರುವುದಿಲ್ಲ, ಬ್ಯಾಟರಿಯ ಮೇಲೆ ನಿದ್ದೆ ಮಾಡುತ್ತಿರುತ್ತದೆ ಎಂದು ಸಂದೀಪ ವಿವರಿಸುತ್ತಿದ್ದ. ಮೀಟರು ಹಚ್ಚಿ ನೋಡಿದರೆ ಹಳೆಯ ಅಡಾಪ್ಟರು ನಿಜಕ್ಕೂ ಸತ್ತಿತ್ತು, ಬ್ಯಾಟರಿಯೂ ಬರಿದಾಗಿತ್ತು; ಅವನ ಹತ್ತಿರ ಹೊಂದುವಂಥ ಇನ್ನೊಂದು ಅಡಾಪ್ಟರು ಇತ್ತು. ಅದನ್ನು ಕೈಗೆತ್ತಿಕೊಂಡು ಪ್ರಗತಿಯ ಕಡೆ ತಿರುಗಿದ.

"ಇದರ ಮೇಲೆ ನೀರು ಗೀರು ಬಿದ್ದಿತ್ತಾ? ಬಿದ್ದಿದ್ರೆ ಈಗ್ಲೇ ಹೇಳು. ಪೂರ್ತಿ ಬಿಚ್ಚಿ ಒಣಗಿಸಿಯೇ ಕರೆಂಟ್ ಕೊಡ್ಬೇಕು. ಎರಡು ತಾಸು ಹಿಡೀತದೆ, ಆದ್ರೆ ಉಳೀತದೆ."

ಇದೇ ಪ್ರಶ್ನೆಯನ್ನು ಪುಂಡಲೀಕ ಎಷ್ಟು ದೋಣಿಯವರಿಗೆ ಕೇಳಿರಲಿಲ್ಲ! ನಿಜ ಹೇಳದೆ ಇಂಜಿನ್ನು ಮುಂದಿಟ್ಟವರ ಜನ್ಮ ಜಾಲಾಡಿದವನು ಅವನು. ಈಗ ಬಾಯಿ ತೆರೆದ. ಮಗಳು ಅವನಿಗಿಂತ ಮೊದಲು ಉತ್ತರ ಕೊಟ್ಟಳು.

"ನೀರು ಎಲ್ಲಿಂದ ಬೀಳ್ತದೆ ಸಂದೀಪಣ್ಣ? ಬಾಬಾನ ಹತ್ರ ಬಿಟ್ಟು ಹೋಗಿದ್ದೆ. ಮಶೀನು ಅಂದ್ರೆ ಎಂತದು ಅಂತ ನಮ್ಮ ಬಾಬಾಗೆ ಗೊತ್ತದೆ."

ಸಂದೀಪ ಪುಂಡಲೀಕನತ್ತ ನೋಡಿ ಗೌರವದಿಂದ ನಕ್ಕ. ಪುಂಡಲೀಕನೂ ನಕ್ಕ. ಅಯ್ಯೋ ಪುಣ್ಯಾತ್ಮ, ಎಲ್ಲಿ ನಗಬೇಕು, ಎಲ್ಲಿ ನಗಬಾರದು! ಆ ನಗುವಿಗೆ ಹಿಡಿದ ಹೊತ್ತಿನಲ್ಲೇ ಸಂದೀಪ ಬ್ಯಾಟರಿ ಕೂರಿಸಿ, ಅಡಾಪ್ಟರು ಸಿಕ್ಕಿಸಿ, ಸ್ವಿಚ್ಚು ಹಾಕಿಬಿಟ್ಟಿದ್ದ.

ಒಳಗೆ ಚಟ್ ಎಂದಿತು. ಕೀಲಿಗಳ ಸಂದಿಯಿಂದ ತೆಳ್ಳಗೆ ಹೊಗೆ ಎದ್ದು, ಸುಟ್ಟ ವಾಸನೆ ಕೋಣೆಯನ್ನೆಲ್ಲ ತುಂಬಿತು. ಸಂದೀಪ ಪ್ಲಗ್ ಕಿತ್ತೆಸೆದು, ಗಡಿಬಿಡಿಯಿಂದ ತಿರುಪು ತೆಗೆದು ಕೀಬೋರ್ಡು ಎತ್ತಿದ. ಅಡಿಯಲ್ಲಿ ನೀರು ಇನ್ನೂ ಹನಿಹನಿಯಾಗಿ ನಿಂತಿತ್ತು. ಅವನು ತಂದೆ ಮಗಳಿಬ್ಬರನ್ನೂ ನೋಡಿದ.

"ನಾ ತೊಳ್ದಿದ್ದೆ ಬಾಯ," ಅಂದ ಪುಂಡಲೀಕ. ಮಗಳನ್ನು ಚಿಕ್ಕಂದಿನಿಂದ ಅವನು ಕರೆಯುತ್ತಿದ್ದದ್ದೇ ಹಾಗೆ. "ಸಿಹಿನೀರಲ್ಲೇ ತೊಳ್ದಿದ್ದೆ."

ಬರೆದದ್ದು ಒಳಗಿನ ಡಿಸ್ಕಿನಲ್ಲಿ ಉಳಿದಿರಲೂಬಹುದು, ಆದರೆ ಇಷ್ಟು ಸಣ್ಣ ಡಿಸ್ಕನ್ನು ಓದಿಸುವ ಸಾಮಾನು ಕಾರವಾರದಲ್ಲಿ ಇಲ್ಲ, ಹುಬ್ಬಳ್ಳಿಗೆ ಕಳಿಸಬೇಕು, ಹದಿನೈದು ದಿನವಾದರೂ ಬೇಕು ಎಂದು ಸಂದೀಪ ಮೆಲ್ಲಗೆ ಹೇಳಿದ. ಹದಿನೈದು ದಿನ ಯಾರಿಗೆ ಬೇಕಿತ್ತು? ಇದ್ದದ್ದು ನಾಳೆ ಐದು ಗಂಟೆಯವರೆಗೆ. ಪ್ರಗತಿ ಅಳಲಿಲ್ಲ, ಬೈಯಲೂ ಇಲ್ಲ. ನಾಲ್ಕು ಬೈದಿದ್ದರೆ ಪುಂಡಲೀಕ ಬದುಕಿಕೊಳ್ಳುತ್ತಿದ್ದ.

"ಸಂದೀಪಣ್ಣ ಕೇಳ್ದಾಗ ಎಂತಕೆ ಹೇಳ್ಲಿಲ್ಲ ಬಾಬಾ?"

"ನೀ ಹೇಳ್ದೆ ಅಲ್ಲ, ಬಾಬಾಗೆ ಗೊತ್ತದೆ ಅಂತ. ಹೊರಗಿನವರ ಎದುರಿಗೆ ಹೇಳ್ದೆ."

ಪ್ರಗತಿ ಸಂದೀಪನನ್ನು ಕೇಳಿ, ಕ್ಲಾಸಿನ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ನೆನಪಿದ್ದಷ್ಟನ್ನು ಮೊದಲಿನಿಂದ ಟೈಪು ಹೊಡೆಯತೊಡಗಿದಳು. ಮೊದಲ ಸಾಲು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಪುಂಡಲೀಕ ಅವಳ ಬೆನ್ನ ಹಿಂದೆ ಹೋಗಿ ನಿಂತ. ಪರದೆಯ ಮೇಲಿನ ಒಂದಕ್ಷರವೂ ಅವನಿಗೆ ಓದಲು ಬರುತ್ತಿರಲಿಲ್ಲ.

"ನಾ ಎಂತ ಮಾಡ್ಲಿ ಬಾಯ?"

"ಎಂತದೂ ಮಾಡ್ಬೇಡ ಬಾಬಾ," ಅಂದಳು ಅವಳು, ತಿರುಗಿ ನೋಡದೆ. "ಅಲ್ಲಿ ಸುಮ್ನೆ ಕೂತ್ಕೋ."

ಪುಂಡಲೀಕ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತ.