ಹದಿನೇಳನೇ ಮಂಚದ ಮಾರ್ಕ್ಸು

ಗಂಡಸರ ವಾರ್ಡಿನಲ್ಲಿ ನಲವತ್ತು ಮಂಚ, ಮಂಚ ಸಿಗದವರಿಗೆ ನೆಲದ ಮೇಲೆ ಹನ್ನೆರಡು ಚಾಪೆ. ಇಷ್ಟು ಜನಕ್ಕೂ ಸೇರಿ ಉಸಿರಿನ ಕ್ಲಿಪ್ಪು ಒಂದೇ ಒಂದು. ಬೆರಳಿಗೆ ಕಚ್ಚಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಕೆಂಪು ಅಂಕಿಯಲ್ಲಿ ತೋರಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಅದು. ಬ್ಯಾಟರಿಯ ಮುಚ್ಚಳ ಯಾವ ಕಾಲದಲ್ಲೋ ಕಳೆದುಹೋಗಿ, ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯೇ ಈಗ ಮುಚ್ಚಳ. ಇನ್ನೆರಡು ಕೊಡಿ ಎಂದು ಬರೆದ ಅರ್ಜಿಗಳೆಲ್ಲ ಮೇಲಿನ ಆಫೀಸಿನಲ್ಲಿ ತಣ್ಣಗೆ ಮಲಗಿದ್ದವು. ರೋಗಿಗಳಿಗೆ ಸಿಗದ ಹಾಸಿಗೆ ಅರ್ಜಿಗಳಿಗಾದರೂ ಸಿಕ್ಕಿತ್ತಲ್ಲ!

ಆ ಕ್ಲಿಪ್ಪಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಮಂಚದಿಂದ ಮಂಚಕ್ಕೆ ಓಡುವ ಕೆಲಸ ಕೊನೆಯ ವರ್ಷದ ಡಾಕ್ಟರಿ ವಿದ್ಯಾರ್ಥಿಗಳದ್ದು. ಆ ತಿಂಗಳು ಬೆಳಗಿನ ಪಾಳಿ ಅವರಲ್ಲೊಬ್ಬ ಹುಡುಗಿಯ ಪಾಲಿಗೆ ಬಂದಿತ್ತು. ಮೂರೇ ದಿನಕ್ಕೆ ವಾರ್ಡಿನವರು ಅವಳಿಗೆ ಕ್ಲಿಪ್ಪಮ್ಮ ಅಂತ ಹೆಸರಿಟ್ಟರು. ವರ್ಷಗಟ್ಟಲೆ ಪುಸ್ತಕಗಳನ್ನು ಅರೆದು ಕುಡಿದು ಗಳಿಸಿದ ಮೊದಲ ಬಿರುದು ಇದು. ಅವಳಿಗೇನೂ ಬೇಸರವಿರಲಿಲ್ಲ, ಕರೆದ ಕೂಡಲೇ ಓ ಅನ್ನುತ್ತಿದ್ದಳು.

ಹದಿನೇಳನೇ ಮಂಚ ಗೋಡೆಯ ಮೂಲೆಯಲ್ಲಿತ್ತು. ಅಲ್ಲಿ ಮಲಗಿದ್ದವನು ಮೂವತ್ತು ವರ್ಷ ಕಲ್ಲು ಒಡೆದು, ಅದರ ಪುಡಿಯನ್ನೆಲ್ಲ ಎದೆಯೊಳಗೆ ತುಂಬಿಕೊಂಡು ಬಂದಿದ್ದ. ಮೂಗಿಗೆ ನಳಿಕೆ, ತಲೆಯ ಪಕ್ಕ ಸಿಲಿಂಡರು. ಸಿಲಿಂಡರಿನ ಮೀಟರಿನ ಮುಳ್ಳು ಅರ್ಧಕ್ಕೇ ಕಚ್ಚಿಕೊಂಡು ವರ್ಷವಾಗಿತ್ತು. ಗುಳುಗುಳು ಅನ್ನಬೇಕಾದ ನೀರಿನ ಬಾಟಲಿ ಒಡೆದುಹೋಗಿತ್ತು. ಒಳಗೆ ಗಾಳಿ ಮುಗಿಯಿತೇ ಅಂತ ತಿಳಿಯಲು ಉಳಿದದ್ದು ಒಂದೇ ದಾರಿ. ಕ್ಲಿಪ್ಪು ಹಾಕಬೇಕು, ಅಂಕಿ ಇಳಿಯುತ್ತಿದ್ದರೆ ಸಿಲಿಂಡರು ಬದಲಿಸಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲದ, ಆ ವಾರ್ಡು ಮಾತ್ರ ಕಲಿಸುವ ಪಾಠ.

"ಇವತ್ತು ನನಗೆಷ್ಟು ಮಾರ್ಕ್ಸು ಡಾಕ್ಟ್ರಮ್ಮಾ?" ಅವಳು ಹತ್ತಿರ ಬಂದರೆ ಸಾಕು, ಕಲ್ಲಿನವನು ಬೆರಳು ಮುಂದೆ ಚಾಚುತ್ತಿದ್ದ.

"ತೊಂಬತ್ತೊಂದು ಅಣ್ಣಾ."

"ಕೇಳಿಸ್ತೇನೇ?" ನೆಲದ ಮೇಲೆ ಕೂತ ಹೆಂಡತಿಯ ಕಡೆ ತಿರುಗುತ್ತಿದ್ದ. "ಮೇಷ್ಟ್ರು ಮೂವತ್ತೈದು ಕೊಡೋಕೂ ಮೂಗು ಮುರೀತಿದ್ರು. ಈಗ ನೋಡು, ಮಲಗಿದಲ್ಲೇ ತೊಂಬತ್ತು!"

"ಓದಿದ್ರೆ ತಾನೇ ಅವರು ಕೊಡೋದು?" ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಆ ಮೂಲೆಗೆ ಹೋಗುವುದೆಂದರೆ ಕ್ಲಿಪ್ಪಮ್ಮನಿಗೂ ಒಂದು ಖುಷಿ.

ತಪ್ಪು ಆದದ್ದು ಮೊದಲ ದಿನವೇ. ಅವನು ಬಂದಾಗ ಅಂಕಿ ಎಪ್ಪತ್ತೆಂಟಿತ್ತು. ಅವಳು ಬೆರಳಿಗೆ ಕ್ಲಿಪ್ಪು ಕಚ್ಚಿಸಿಟ್ಟು, ಮಂಚದ ಹಿಂದೆ ಹೋಗಿ ಹೊಸ ಸಿಲಿಂಡರಿಗೆ ನಳಿಕೆ ಜೋಡಿಸಿದಳು. ಹೆಂಡತಿಗೆ ಕಂಡದ್ದು ಕೆಂಪು ಅಂಕಿ ಮಾತ್ರ. ಎಂಬತ್ತು, ಎಂಬತ್ತಾರು, ತೊಂಬತ್ತು. ಗಂಡನ ಒದ್ದಾಟ ನಿಂತಿತು.

"ಇದು ಹಾಕಿದ್ಮೇಲೆ ಜೀವ ಬಂತು, ಅಲ್ವಾ ತಾಯಿ?" ಎಂದು ಕ್ಲಿಪ್ಪು ತೋರಿಸಿ ಕ್ಲಿಪ್ಪಮ್ಮನ ಕೈ ಹಿಡಿದುಕೊಂಡಳು.

ಅಲ್ಲಮ್ಮಾ, ಇದು ಅಳೆಯೋದು ಅಷ್ಟೇ, ಅನ್ನಲು ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಡಾಕ್ಟರ ಚಪ್ಪಲಿಯ ಸದ್ದಾಯಿತು. ಆ ಹೆಂಗಸಿನ ಮುಖ ನೋಡಿದರೆ ಬಿಡಿಸಿ ಹೇಳುವ ಮನಸ್ಸೂ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡು, "ಹೂಂ," ಅಂದುಬಿಟ್ಟಳು.

ಆ ನಾಳೆ ಬರಲೇ ಇಲ್ಲ. ಕ್ಲಿಪ್ಪು ತೆಗೆಯಲು ಹೋದಾಗಲೆಲ್ಲ ಹೆಂಡತಿ "ಇನ್ನೈದು ನಿಮಿಷ ಇರಲಿ ತಾಯಿ" ಅಂತ ಗೋಗರೆಯುತ್ತಿದ್ದಳು, ಇವಳು ಬಿಡುತ್ತಿದ್ದಳು. ಪಕ್ಕದ ಮಂಚದವರು ಗೊಣಗುತ್ತಿದ್ದರು. "ಕ್ಲಿಪ್ಪನ್ನ ಒಬ್ಬರಿಗೇ ಬರೆದುಕೊಟ್ಟಿದೀಯೇನಮ್ಮಾ?" ಅಂತ ದೊಡ್ಡ ಸಿಸ್ಟರು ರೇಗುತ್ತಿದ್ದರು. ಕರುಣೆ ಅಂತ ಅವಳು ತಿಳಿದುಕೊಂಡಿದ್ದಳು. ಅದರಲ್ಲಿ ಅರ್ಧ ಸೋಮಾರಿತನ ಅಂತ ಆಗ ಯಾರು ಹೇಳಬೇಕು?

ಒಂಬತ್ತನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಲಾರಿ ಡ್ರೈವರನ್ನು ಎತ್ತಿಕೊಂಡು ಬಂದರು. ಉಸಿರು ಕಟ್ಟಿ, ತುಟಿ ನೀಲಿಗಟ್ಟಿತ್ತು. ಬಾಗಿಲ ಬಳಿಯ ಮೊದಲ ಮಂಚಕ್ಕೆ ಹಾಕಿದರು. "ಕ್ಲಿಪ್ಪು ಎಲ್ಲಿ?" ದೊಡ್ಡ ಡಾಕ್ಟರು ಕೂಗಿದರು.

ಕ್ಲಿಪ್ಪು ಕಲ್ಲಿನವನ ಬೆರಳಲ್ಲಿತ್ತು. ಅಂಕಿ ತೊಂಬತ್ತು. "ಅಮ್ಮಾ, ಐದೇ ನಿಮಿಷ, ಬಂದೆ," ಅಂದು ಅವಳು ಬಿಚ್ಚಿಕೊಂಡಳು. ಹೆಂಡತಿ ಕೈ ಮುಂದೆ ತಂದಳು, ಆದರೆ ತಡೆಯಲಿಲ್ಲ.

ಐದು ನಿಮಿಷ ನಲವತ್ತಾಯಿತು. ಸೂಜಿ ಚುಚ್ಚು, ಅಂಕಿ ನೋಡು, ಔಷಧಿಯ ಹೊಗೆ ಕೊಡು, ಮತ್ತೆ ಅಂಕಿ ನೋಡು. ಡಾಕ್ಟರು ಅವಳನ್ನು ಕದಲಲು ಬಿಡಲಿಲ್ಲ. ಡ್ರೈವರನ ಬಸುರಿ ಹೆಂಡತಿ ಮಂಚದ ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಕೊನೆಗೆ ಅಂಕಿ ತೊಂಬತ್ತು ದಾಟಿತು. ಡ್ರೈವರು ಕಣ್ಣು ಬಿಟ್ಟು ನೀರು ಕೇಳಿದ. "ಭೇಷ್," ಅಂದರು ಡಾಕ್ಟರು, ಯಾರಿಗೂ ಭೇಷ್ ಅನ್ನದ ಡಾಕ್ಟರು. ಕ್ಲಿಪ್ಪಮ್ಮನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಆ ಖುಷಿಯಲ್ಲೇ ಮೂಲೆಗೆ ಬಂದಳು. 

ಕಲ್ಲಿನವನ ಬಾಯಿ ತೆರೆದಿತ್ತು. ಹೆಂಡತಿ ಅವನ ಬೆರಳನ್ನು ತನ್ನ ಎರಡು ಬೆರಳುಗಳ ನಡುವೆ, ಕ್ಲಿಪ್ಪು ಕಚ್ಚುವ ಹಾಗೇ, ಒತ್ತಿ ಹಿಡಿದು ಕೂತಿದ್ದಳು. ನಳಿಕೆಯ ಬಾಯಿಗೆ ಕೆನ್ನೆ ಇಟ್ಟು ನೋಡಿದರೆ ಗಾಳಿಯೇ ಇಲ್ಲ. ಕ್ಲಿಪ್ಪು ಹಾಕಿದರೆ ಅಂಕಿಯ ಜಾಗದಲ್ಲಿ ಎರಡು ಗೆರೆ. ಕ್ಲಿಪ್ಪಮ್ಮ ಕಿರುಚಿದಳು. ಎಲ್ಲರೂ ಓಡಿ ಬಂದರು, ತುಂಬಿದ ಸಿಲಿಂಡರು ಉರುಳುತ್ತಾ ಬಂತು, ಎದೆ ಒತ್ತಿದರು. ಅವಳೂ ಒತ್ತಿದಳು, ಕೈ ಸೋತು ಬಿದ್ದುಹೋಗುವವರೆಗೆ. ಕೊನೆಗೆ ಡಾಕ್ಟರು ಗಡಿಯಾರ ನೋಡಿದರು.

ಎಲ್ಲರೂ ಹೋದ ಮೇಲೆ ಹೆಂಡತಿ ತಾನಾಗಿಯೇ ಮಾತಾಡಿದಳು. "ನೀವು ಹೋಗಿ ಸ್ವಲ್ಪ ಹೊತ್ತಿಗೇ ಒದ್ದಾಡೋಕೆ ಶುರು ಮಾಡಿದ್ರು. ಕರೆಯೋಕೆ ಬಂದಿದ್ದೆ ತಾಯಿ, ಬಾಗಿಲವರೆಗೂ."

"ಬಂದಿದ್ರಾ? ಮತ್ಯಾಕೆ ಕರೀಲಿಲ್ಲ ಅಮ್ಮಾ?"

"ಅದು ಅವರ ಬೆರಳಲ್ಲಿತ್ತಲ್ಲ. ಆ ಹುಡುಗಿ ಅಳ್ತಿತ್ತು, ಹೊಟ್ಟೇಲಿ ಮಗು ಬೇರೆ. ಕಿತ್ತು ನಮಗೆ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಇರೋದು ಒಂದೇ." ಅವಳು ಗಂಡನ ಕೈಯನ್ನು ಹೊದಿಕೆಯೊಳಗೆ ಸೇರಿಸಿದಳು. "ಸುಮ್ಮನೆ ವಾಪಸ್ ಬಂದೆ."

ಕ್ಲಿಪ್ಪಮ್ಮ ಬಾಗಿಲ ಕಡೆ ತಿರುಗಿ ನೋಡಿದಳು. ಒದ್ದಾಡ್ತಿದಾರೆ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ತುಂಬಿದ ಸಿಲಿಂಡರು ಬಾಗಿಲಲ್ಲೇ ನಿಂತಿತ್ತು. ಬಂದವಳು ಅದನ್ನು ದಾಟಿಯೇ ಹಿಂದೆ ಹೋಗಿದ್ದಳು. ಜೀವವನ್ನೇ ಬಿಟ್ಟುಕೊಡುತ್ತಿದ್ದೇನೆ ಅಂತ ತಿಳಿದು ಬಿಟ್ಟುಕೊಟ್ಟಿದ್ದಳು, ಬಿಟ್ಟುಕೊಡಬೇಕಾದದ್ದು ಏನೂ ಇರಲಿಲ್ಲ. ಹಾಗೆ ತಿಳಿಸಿದವಳು ಇಲ್ಲೇ, ಕೊರಳಲ್ಲಿ ದಾರ ಹಾಕಿಕೊಂಡು ನಿಂತಿದ್ದಾಳೆ. ಈಗ ನಿಜ ಹೇಳಿದರೆ ಈ ಹೆಂಗಸು ಉಳಿದ ಆಯುಷ್ಯವನ್ನು ಹೇಗೆ ಕಳೆಯಬೇಕು? ಹೇಳದಿದ್ದರೆ ತಾನು ಹೇಗೆ ಕಳೆಯಬೇಕು? 

"ಅವರು ಉಳಿದ್ರಾ ತಾಯಿ?"

"ಹೂಂ," ಅಂದಳು.

"ಈಗ ಎಷ್ಟು ಬಂತು ಅವರಿಗೆ?"

"ತೊಂಬತ್ತಾರು."

 ಹೆಂಡತಿ ಗಂಡನ ಕಿವಿಯ ಹತ್ತಿರ ಬಾಗಿ, "ಕೇಳಿಸ್ತೇನ್ರೀ? ತೊಂಬತ್ತಾರಂತೆ," ಅಂದಳು.